ಬಳೆಯಕ್ಕನ ಆರು ದಿನ

ಬಳೆಯಕ್ಕನ ಕೈಯಲ್ಲಿ ಬಳೆ ಕಂಡವರಿಲ್ಲ. ತೊಟ್ಟರೆ ಸ್ಪ್ರಿಂಗಿಗೆ ಸಿಕ್ಕಿಕೊಳ್ಳುತ್ತದೆ ಎಂದು ಎಷ್ಟೋ ವರ್ಷಗಳ ಹಿಂದೆಯೇ ಬಿಚ್ಚಿಟ್ಟಿದ್ದಳು. ಹೆಸರು ಬಂದದ್ದು ರಬ್ಬರಿನ ಬಳೆಗಳಿಂದ. ಗಾಳಿ ಸೋರದಂತೆ ಯಂತ್ರದ ಸಂದುಗಳಲ್ಲಿ ಕೂರಿಸುವ, ಕಿರುಬೆರಳಿಗೂ ಹಿಡಿಯದಷ್ಟು ಚಿಕ್ಕ ಕಪ್ಪು ಉಂಗುರಗಳನ್ನು ಬೇರೆಯವರು ಓರಿಂಗ್ ಎಂದರೆ ಅವಳು ಬಳೆ ಎನ್ನುತ್ತಿದ್ದಳು. ಇದರ ಬಳೆ ಒಡೆದಿದೆ, ಇದಕ್ಕೆ ಹೊಸ ಬಳೆ ತೊಡಿಸಿದ್ದೇನೆ ಎಂದು ಅವಳು ಹೇಳುವುದನ್ನು ಕೇಳಿದವರಿಗೆ ಯಾರದೋ ಮದುವೆಯ ಮಾತು ನಡೆಯುತ್ತಿದೆ ಅನ್ನಿಸಬೇಕು.

ಅವಳಿಗೆ ಆಗ ಐವತ್ತೆರಡು. ಹತ್ತೊಂಬತ್ತು ವರ್ಷ ಬಾಟಲಿಗೆ ಪಾನಕ ತುಂಬುವ ಕಾರ್ಖಾನೆಯಲ್ಲಿ ಗಾಳಿಯಂತ್ರಗಳ ರಿಪೇರಿ ನೋಡಿಕೊಂಡಿದ್ದಳು. ಅದು ಮುಚ್ಚಿದ ಮೇಲೆ ಎರಡು ತಿಂಗಳು ಮನೆಯಲ್ಲಿದ್ದಳು. ಆ ಎರಡು ತಿಂಗಳಲ್ಲಿ ಮನೆಯ ಫ್ಯಾನು, ಮಿಕ್ಸರು, ಬಾಗಿಲ ಚಿಲಕ, ಪಕ್ಕದ ಮನೆಯವರ ಫ್ಯಾನು ಎಲ್ಲವೂ ಬಿಚ್ಚಿಸಿಕೊಂಡು ಮತ್ತೆ ಜೋಡಣೆಯಾದವು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಜೀವ. ಇವಳನ್ನು ಕೂರಿಸಬೇಕಾದರೆ ಸೀಟ್ ಬೆಲ್ಟೇ ಬೇಕು ಎಂದು ಬಸ್ಸು ಓಡಿಸುವ ಗಂಡ ಹೇಳುತ್ತಿದ್ದ. ಊರ ಹೊರಗಿನ ಹಳೆಯ ಇಟ್ಟಿಗೆಗೂಡಿನ ಬಯಲಲ್ಲಿ ಪೇಂಟ್‌ಬಾಲ್ ಮೈದಾನ ಶುರುವಾಗಿ, ಗಾಳಿಯಂತ್ರ ಬಲ್ಲವರು ಬೇಕು ಎಂಬ ಸುದ್ದಿ ತಂದವನೂ ಅವನೇ.

ಎರಡು ತಂಡವಾಗಿ ಒಬ್ಬರ ಮೇಲೊಬ್ಬರು ಬಣ್ಣದ ಗುಂಡು ಹಾರಿಸುವ ಆಟ ಅದು. ಹಾರಿಸುವ ಸಾಧನಕ್ಕೆ ಮಾರ್ಕರ್ ಎನ್ನುತ್ತಾರೆ. ಬಂದವರೆಲ್ಲ ಬಂದೂಕು ಎಂದಾಗ ಬಳೆಯಕ್ಕ ತಿದ್ದುತ್ತಿದ್ದಳು. "ಬಂದೂಕಲ್ಲ. ಸೈಕಲ್ ಪಂಪಿಗೆ ಸಿಟ್ಟು ಬಂದ್ರೆ ಹೇಗಿರುತ್ತೋ ಹಾಗೆ. ಸಿಟ್ಟು ಇರೋವರೆಗೆ ಮುಖ ತೋರಿಸ್ಬೇಡಿ."

ತಗಡಿನ ಚಾವಣಿಯ ಉದ್ದನೆಯ ಕೋಣೆ ಅವಳದು. ಗೋಡೆಗೆ ಮೂವತ್ತು ಗೂಟ, ಗೂಟಕ್ಕೊಂದು ಮಾರ್ಕರ್, ಒಂದೊಂದಕ್ಕೂ ಬಿಳಿ ಬಣ್ಣದಲ್ಲಿ ಬರೆದ ಸಂಖ್ಯೆ. ಬೆಳಗ್ಗೆ ಎಂಟಕ್ಕೆ ಬಂದು ಒಂದೊಂದರ ನಳಿಕೆ ಬಿಚ್ಚಿ ಒಳಗೆ ಬಟ್ಟೆ ಎಳೆಯುತ್ತಿದ್ದಳು. ಒಳಗಿನ ಬೋಲ್ಟ್ ಒರೆಸಿ, ಒಂದೇ ತೊಟ್ಟು ಎಣ್ಣೆ ಬಿಟ್ಟು, ಬಳೆಗಳನ್ನು ಉಗುರಿನಿಂದ ಮುಟ್ಟಿ ನೋಡಿ ಜೋಡಿಸುತ್ತಿದ್ದಳು. ಎರಡು ತೊಟ್ಟು ಬಿಟ್ಟರೆ ಎಣ್ಣೆ ಗುಂಡಿಗೆ ಹತ್ತಿ ಅದು ಅಡ್ಡಾದಿಡ್ಡಿ ಹಾರುತ್ತದೆ. ಆಮೇಲೆ ವೇಗ ಅಳೆಯುವುದು. ಸೆಕೆಂಡಿಗೆ ಇನ್ನೂರ ಎಂಬತ್ತು ಅಡಿ ದಾಟಿದರೆ ತಿರುಪು ಸಡಿಲಿಸಿ ಮತ್ತೆ ಅಳೆಯಬೇಕು. ಬಿಸಿಲೇರಿದರೆ ವೇಗವೂ ಏರುತ್ತದೆಂದು ಮಧ್ಯಾಹ್ನ ಇನ್ನೊಮ್ಮೆ.

ಆಟ ಮುಗಿದು ವಾಪಸು ಬಂದವಕ್ಕೂ ಒಂದು ಕ್ರಮವಿತ್ತು. ಗುಂಡಿನ ಡಬ್ಬಿ ತೆಗೆಯಬೇಕು. ಬಾಗಿಲ ಬಳಿಯ ಮರಳಿನ ಪೆಟ್ಟಿಗೆಗೆ ಹಾರಿಸಿ, ಒಳಗೆ ಉಳಿದ ಗುಂಡನ್ನು ಖಾಲಿ ಮಾಡಬೇಕು. ಗಾಳಿಯ ಸಿಲಿಂಡರ್ ಬಿಚ್ಚಿದ ಮೇಲೆ ಮತ್ತೆ ಎರಡು ಸಲ ಮರಳಿಗೆ ಹಾರಿಸಬೇಕು. ಸಿಲಿಂಡರ್ ತೆಗೆದರೂ ಹೊಟ್ಟೆಯಲ್ಲಿ ಉಸಿರು ಉಳಿದಿರುತ್ತದೆ, ಅದನ್ನು ಬಿಡಿಸದೆ ಗೂಟಕ್ಕೆ ಹಾಕಬಾರದು ಎನ್ನುವುದು ಅವಳ ಪಾಠ. ಕೊನೆಗೆ ನಳಿಕೆಯ ಬಾಯಿಗೆ ಬಟ್ಟೆಯ ಕುಲಾವಿ ಕಟ್ಟಿ ತೂಗುಹಾಕುವುದು. ಈ ಕ್ರಮ ಪಾಲಿಸಿದ ಮಾರ್ಕರುಗಳಷ್ಟೇ ಆ ಕೋಣೆಯಲ್ಲಿರುತ್ತಿದ್ದುದರಿಂದ, ಮೈದಾನದಲ್ಲಿ ಕಡ್ಡಾಯವಾದ ಮುಖಕವಚವನ್ನು ಅಲ್ಲಿ ಮಾತ್ರ ತೆಗೆಯಬಹುದಿತ್ತು.

ಆ ಶನಿವಾರ ಬೆನ್ನುಬೆನ್ನಿಗೆ ಮೂರು ಗುಂಪುಗಳು ಬಂದಿದ್ದವು. ಎರಡನೆಯ ಗುಂಪು ಹೊರಬಂದು ಮೂರನೆಯದು ಬಾಗಿಲಲ್ಲಿ ನಿಂತಿರುವಾಗ ಬಳೆಯಕ್ಕನ ಕೈಯಲ್ಲಿ ಹದಿನೇಳನೆಯ ಮಾರ್ಕರ್ ಇತ್ತು. ಗುಂಡಿನ ಡಬ್ಬಿ ತೆಗೆದಿದ್ದಳು, ಅಷ್ಟೇ. ಹೊರಗೆ ಗಾಳಿ ತುಂಬುವ ಯಂತ್ರದ ಕೊಳವೆ ಬುಸುಗುಟ್ಟಿತು. ಮಾರ್ಕರನ್ನು ಮೇಜಿನ ಮೇಲಿಟ್ಟು ಓಡಿದಳು. ಕೊಳವೆ ಬಿಗಿದು ಬಂದು, ಅದೇ ಓಟದಲ್ಲಿ ಸಿಲಿಂಡರ್ ಬಿಚ್ಚಿ ಹದಿನೇಳನ್ನು ಗೂಟಕ್ಕೆ ಹಾಕಿ ಹದಿನೆಂಟನ್ನು ಎತ್ತಿಕೊಂಡಳು.

ಐದು ನಿಮಿಷದಲ್ಲಿ ಸೀಟಿಮಾವ ಬಂದ. ಮೂವತ್ತು ವರ್ಷ ನಗರದ ಈಜುಕೊಳದಲ್ಲಿ ಮುಳುಗುವವರನ್ನು ಕಾಯುತ್ತಿದ್ದು, ನಿವೃತ್ತನಾದ ಮೇಲೆ ಇಲ್ಲಿ ಆಟದ ತೀರ್ಪುಗಾರನಾಗಿದ್ದ. ಅದೇ ಹಳೆಯ ಸೀಟಿ ಕೊರಳಲ್ಲಿ. ಬಳೆಯಕ್ಕನಿಗಿಂತ ಹತ್ತು ವರ್ಷ ದೊಡ್ಡವನಾದರೂ ಎಲ್ಲರಂತೆ ಅವನಿಗೂ ಅವಳು ಅಕ್ಕ. ಯಾರದೋ ಮಾರ್ಕರ್ ಕೆಟ್ಟಿದೆ, ಬದಲಿ ಬೇಕು ಎಂದು ಕವಚವನ್ನು ಹಣೆಗೇರಿಸಿಕೊಂಡು ಗೂಟದಿಂದ ಹದಿನೇಳನ್ನು ಇಳಿಸಿದ. ತಿರುಗುವಷ್ಟರಲ್ಲಿ ಟಪ್ ಎಂದಿತು. ಅವನ ಕಿವಿಯ ಪಕ್ಕದಿಂದ ಹೋದ ಗುಂಡು ಗೋಡೆಗೆ ಬಡಿದು ಹಳದಿಯಾಗಿ ಹರಡಿತು. ಕಣ್ಣಿಗೂ ಗುಂಡಿಗೂ ನಾಲ್ಕು ಬೆರಳಿನ ಅಂತರ.

ಆ ಸದ್ದಿನಲ್ಲೇ ಬಳೆಯಕ್ಕನಿಗೆ ಎಲ್ಲ ಗೊತ್ತಾಯಿತು. ಮರಳಿಗೆ ಹಾರಿಸಿದ ನೆನಪು ಕೈಯಲ್ಲಿರಲಿಲ್ಲ. ಕುಲಾವಿ ಮೇಜಿನ ಮೇಲೇ ಬಿದ್ದಿತ್ತು.

ಆದರೆ ಸೀಟಿಮಾವ ನೋಡುತ್ತಿದ್ದುದು ತನ್ನ ಬಲಗೈಯನ್ನು. ಒಂದು ವರ್ಷದಿಂದ ಆ ಕೈ ಸ್ವಲ್ಪ ನಡುಗುತ್ತಿತ್ತು. ಲೋಟ ಹಿಡಿದಾಗ ಬಳೆಯಕ್ಕ ಗಮನಿಸಿದ್ದಳು.

"ನನ್ನ ಬೆರಳೇ ಅಕ್ಕಾ," ಎಂದ ಅವನು. "ನನಗೇ ಗೊತ್ತಾಗದ ಹಾಗೆ ಒತ್ತಿಬಿಡ್ತು. ಯಾರಿಗೂ ಹೇಳ್ಬೇಡ."

ಬೆರಳು ತಾಗಿರಬಹುದು. ಆದರೆ ಉಸಿರು ಬಿಡಿಸಿದ ಮಾರ್ಕರಿನ ಟ್ರಿಗರನ್ನು ನೂರು ಸಲ ಒತ್ತಿದರೂ ಏನೂ ಆಗುವುದಿಲ್ಲ. ಇದನ್ನು ಹೇಳಲು ಅವಳು ಬಾಯಿ ತೆರೆದಳು. ಹೊರಗೆ ಯಾರೋ ಕೂಗಿದರು. ಕಣ್ಣಿಗೇನೂ ಆಗಿಲ್ಲ ತಾನೆ ಎಂದಷ್ಟೇ ಕೇಳಿದಳು. ಅವನು ಒದ್ದೆ ಬಟ್ಟೆ ತಂದು ತಾನೇ ಗೋಡೆ ಒರೆಸಿದ.

ಭಾನುವಾರ ಅವಳು ಪ್ರತಿ ಮಾರ್ಕರನ್ನೂ ಎರಡರ ಬದಲು ಆರು ಸಲ ಮರಳಿಗೆ ಹಾರಿಸಿದಳು. ಗೂಟಕ್ಕೆ ಹಾಕಿದ್ದನ್ನು ಇಳಿಸಿ ಇನ್ನೊಮ್ಮೆ ಹಾರಿಸಿದಳು. ಊಟದ ಡಬ್ಬಿ ತೆರೆದು ಮುಚ್ಚಿದಳು. ಸಂಜೆ ಬಸ್ಸಿನಲ್ಲಿ ಕೂರಲಾಗದೆ ಎರಡು ನಿಲ್ದಾಣ ಮೊದಲೇ ಇಳಿದು ನಡೆದಳು. ಸೋಮವಾರ ಮೈದಾನಕ್ಕೆ ರಜೆ. ಮನೆಯ ನಲ್ಲಿಗಳು ಒಂದೂ ಸೋರುತ್ತಿರಲಿಲ್ಲ, ಆದರೂ ಎಲ್ಲವನ್ನೂ ಬಿಚ್ಚಿ ವಾಷರ್ ಬದಲಿಸಿದಳು. ಕಾಲು ಬಿಗಿಮಾಡಲೆಂದು ಅಡುಗೆಮನೆಯ ಕುರ್ಚಿ ಎತ್ತಿಕೊಂಡು ಹೋದದ್ದರಿಂದ ಗಂಡ ನಿಂತೇ ಚಹಾ ಕುಡಿದ. ದಿನವೆಲ್ಲ ಕೂತು ದುಡಿಯುವವನಿಗೆ ನಿಲ್ಲುವುದೂ ಒಂದು ಸುಖವೇ ಎಂದು ನಕ್ಕ. ಅವಳು ನಗಲಿಲ್ಲ.

ಮಂಗಳವಾರ ಹೋದಾಗ ಸೀಟಿಮಾವ ಗೇಟಿನ ಬಳಿ ವಾಹನ ನಿಲ್ಲಿಸುವ ಜಾಗದಲ್ಲಿದ್ದ. ಕೊರಳಲ್ಲಿ ಸೀಟಿ ಇರಲಿಲ್ಲ. ವಯಸ್ಸಾಯಿತು, ಮೈದಾನ ಸಾಕು, ಇಲ್ಲಿಗೆ ಹಾಕಿ ಎಂದು ತಾನೇ ಯಜಮಾನತಿಯನ್ನು ಕೇಳಿಕೊಂಡನಂತೆ. ಬಳೆಯಕ್ಕ ಹತ್ತಿರ ಹೋಗಿ ಯಾಕೆ ಹೀಗೆ ಎಂದಳು.

"ಕೈ ಮಾತು ಕೇಳದ ಮೇಲೆ ಬೇರೆಯವರ ಕಣ್ಣಿಗೆ ನಾನು ಹೇಗೆ ಜವಾಬ್ದಾರಿ ತಗೊಳ್ಲಿ?" ಎಂದು ಅವನು ಒಂದು ಕಾರಿಗೆ ಹಿಂದೆ ಬರುವಂತೆ ಕೈ ಬೀಸಿದ.

ಆಗಲೇ ಹೇಳಬಹುದಿತ್ತು. ಹೇಳದೆ ಕೋಣೆಗೆ ಹೋದಳು. ಬುಧವಾರ ಮತ್ತೆ ಗೇಟಿಗೆ ಹೋಗಿ, ಬಿಸಿಲು ಜಾಸ್ತಿ ಎಂದು ಹೇಳಿ ಬಂದಳು. ಬಾಟಲಿ ಕಾರ್ಖಾನೆಯ ಹತ್ತೊಂಬತ್ತು ವರ್ಷಗಳಲ್ಲಿ ಅವಳ ಕೈಯಿಂದ ಹೋದ ಯಂತ್ರ ವಾಪಸು ಬಂದದ್ದಿಲ್ಲ. ಅವಳು ನೋಡಿದ್ದರೆ ಮತ್ತೆ ನೋಡಬೇಕಿಲ್ಲ ಎನ್ನುತ್ತಿದ್ದರು. ಓದು ಹೆಚ್ಚಿಲ್ಲದ, ರೂಪದ ಮಾತೇ ಬೇಡವಾದ ಅವಳಿಗೆ ಆ ಒಂದು ಮಾತೇ ಆಸ್ತಿ. ಅದನ್ನು ಕಳೆದುಕೊಳ್ಳುವುದಕ್ಕೆ ಅವಳು ಸಿದ್ಧಳಿರಲಿಲ್ಲ. ಇಷ್ಟು ತನಗೆ ತಾನೇ ಒಪ್ಪಿಕೊಳ್ಳಲು ಅವಳಿಗೆ ಗುರುವಾರದ ಮಧ್ಯಾಹ್ನವಾಯಿತು.

ಅಂದು ಸಂಜೆ ಗಂಡನಿಗೆ ಹೇಳಿದಳು. ಅವನು ಸಮವಸ್ತ್ರದ ಗುಂಡಿ ಹೊಲಿಯುತ್ತಿದ್ದ. ಯಾರಿಗೂ ಏನೂ ಆಗಿಲ್ಲವಲ್ಲ, ಅಷ್ಟಕ್ಕೆ ಯಾಕೆ ಮನೆಯ ನಲ್ಲಿಗಳನ್ನೆಲ್ಲ ಗೋಳು ಹುಯ್ದುಕೊಂಡೆ ಎಂದ.

"ಆಗಿದೆ," ಎಂದಳು ಬಳೆಯಕ್ಕ. "ಮಾವ ಗೇಟಲ್ಲಿ ನಿಂತಿದಾರೆ."

ಗಂಡ ದಾರ ಕಚ್ಚಿ ಕತ್ತರಿಸಿದ. "ಹಾಗಾದ್ರೆ ನಾಳೆ ಮೊದಲನೇ ಬಸ್ಸಿಗೇ ಹೋಗು," ಎಂದ.

ಶುಕ್ರವಾರ ಬೆಳಗ್ಗೆ ಯಜಮಾನತಿ ಎಲ್ಲರನ್ನೂ ಸೇರಿಸಿ ವಾರಾಂತ್ಯದ ಕೆಲಸ ಹಂಚುತ್ತಿದ್ದಳು. ಹಿಂದೆ ವ್ಯಾಯಾಮದ ಶಿಕ್ಷಕಿಯಾಗಿದ್ದ ಅವಳಿಗೆ ಎಲ್ಲರೂ ಸಾಲಾಗಿ ನಿಲ್ಲಬೇಕು. ಬಳೆಯಕ್ಕ ಸಾಲು ಬಿಟ್ಟು ಮುಂದೆ ಬಂದು ಶನಿವಾರದ ಗುಂಡಿನ ವಿಷಯ ಹೇಳಿದಳು. ಡಬ್ಬಿ ತೆಗೆದದ್ದು, ಓಡಿದ್ದು, ವಾಪಸು ಬಂದು ಸಿಲಿಂಡರ್ ಬಿಚ್ಚಿ ತೂಗುಹಾಕಿದ್ದು, ಒಂದೂ ಬಿಡಲಿಲ್ಲ. ಮಾವನ ಬೆರಳು ತಾಗಿದ್ದರೂ ತಾಗದಿದ್ದರೂ ತಪ್ಪು ಪೂರ್ತಿ ತನ್ನದು ಎಂದಳು. ಗೊತ್ತಿದ್ದೂ ಆರು ದಿನ ಬಾಯಿ ಮುಚ್ಚಿಕೊಂಡಿದ್ದೆ ಎಂದೂ ಹೇಳಿದಳು.

ಯಜಮಾನತಿ ಕೋಣೆಯ ಬೀಗದ ಕೈ ಕೇಳಿ ತೆಗೆದುಕೊಂಡಳು. ಮುಂದೆ ಹೇಳುವವರೆಗೆ ಮುಖಕವಚ ತೊಳೆಯುವ ಕೆಲಸ ಎಂದಳು.

ಸೀಟಿಮಾವ ನೀರಿನ ತೊಟ್ಟಿಯ ಬಳಿ ಅವಳನ್ನು ಹುಡುಕಿಕೊಂಡು ಬಂದ. ಮುಖ ಕೆಂಪಾಗಿತ್ತು. "ಗುಂಡಿನ ವಿಷಯಕ್ಕೆ ನನಗೆ ಸಿಟ್ಟಿಲ್ಲ," ಎಂದ. "ಆರು ದಿನ ಊಟಕ್ಕೆ ಕೂತು ಈ ಕೈಯನ್ನೇ ನೋಡ್ತಿದ್ದೆ. ಮಗಳು ತುತ್ತು ಮಾಡಿ ಕೊಡ್ಲಾ ಅಂದ್ಲು." ಉತ್ತರಕ್ಕೆ ಕಾಯದೆ ಹೋದ. ಮರುದಿನ ಸೀಟಿ ಹಾಕಿಕೊಂಡು ಮೈದಾನಕ್ಕಿಳಿದ. ಬಳೆಯಕ್ಕನ ಜೊತೆ ಮಾತು ಬಿಟ್ಟ.

ಮೂರು ವಾರ ಅವಳು ಕವಚ ತೊಳೆದಳು. ಸಾಬೂನು ನೀರಿನಲ್ಲಿ ಅದ್ದಿ, ಗಾಜಿಗೆ ಗೀರು ಬೀಳದಂತೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಬಿರುಕಿದ್ದದ್ದನ್ನು ಪಕ್ಕಕ್ಕಿಟ್ಟು. ತೊಟ್ಟಿಯಿಂದ ಕೋಣೆಯ ಕಿಟಕಿ ಕಾಣುತ್ತಿತ್ತು. ಅಲ್ಲಿ ಯಜಮಾನತಿ ಪುಸ್ತಕ ಹಿಡಿದುಕೊಂಡು ತಾನೇ ಮಾರ್ಕರ್ ಬಿಚ್ಚುತ್ತಿದ್ದಳು. ಬಳೆ ತಿರುಚಿ ಕೂತು ಗಾಳಿ ಸೋರುವ ಸದ್ದು ಇಲ್ಲಿಗೇ ಕೇಳಿಸುತ್ತಿತ್ತು. ಎಣ್ಣೆ ಧಾರೆಯಾಗಿ ಸುರಿಯುವುದು ಕಾಣುತ್ತಿತ್ತು. ಬಳೆಯಕ್ಕನ ಕಾಲು ತಾನಾಗಿ ಆ ಕಡೆ ಎರಡು ಹೆಜ್ಜೆ ಇಟ್ಟು ವಾಪಸು ಬರುತ್ತಿತ್ತು. ತೊಟ್ಟಿಗೂ ಕಿಟಕಿಗೂ ನಡುವೆ ಹುಲ್ಲು ಸವೆದು ಹಾದಿಯೇ ಬಿದ್ದಿತೆಂದು ಆಮೇಲೆ ಎಲ್ಲರೂ ಆಡಿಕೊಂಡರು.

ನಾಲ್ಕನೆಯ ವಾರ ಯಜಮಾನತಿ ಕರೆದು ಬೀಗದ ಕೈ ಕೊಟ್ಟಳು. ಕೊಟ್ಟವಳ ಮೊಣಕೈವರೆಗೆ ಎಣ್ಣೆ ಮೆತ್ತಿತ್ತು. ಇನ್ನು ಮೇಲೆ ಒಬ್ಬರೇ ನೋಡಿದರೆ ಸಾಲದು, ಅಕ್ಕ ನೋಡಿದ ಪ್ರತಿಯೊಂದನ್ನೂ ಇನ್ನೊಬ್ಬರು ಮರಳಿಗೆ ಹಾರಿಸಿ ನೋಡಿದ ಮೇಲೇ ಗೂಟಕ್ಕೆ ಎಂದಳು. ಆ ಇನ್ನೊಬ್ಬರು ಸೀಟಿಮಾವ ಎಂದೂ ಅವಳೇ ನಿರ್ಧರಿಸಿದ್ದಳು. ಅವನು ಬೇಡ ಎನ್ನಲಿಲ್ಲ.

ಅವಳು ಮಾಡಿ ಕೊಡುವುದು, ಅವನು ಮರಳಿನ ಕಡೆ ತಿರುಗಿಸಿ ಎರಡು ಸಲ ಒತ್ತುವುದು, ಏನೂ ಹಾರದಿದ್ದರೆ ಕುಲಾವಿ ಕಟ್ಟಿ ತೂಗುಹಾಕುವುದು. ತಿಂಗಳುಗಟ್ಟಲೆ ಹೀಗೇ ನಡೆಯಿತು. ನಡುವೆ ಮಾತಿಲ್ಲ. ಅವನು ಒತ್ತುವ ಆ ಒಂದು ಕ್ಷಣ ಬಳೆಯಕ್ಕನ ಉಸಿರು ನಿಲ್ಲುತ್ತಿತ್ತು, ದಿನಕ್ಕೆ ಮೂವತ್ತು ಸಲ, ಶನಿವಾರ ತೊಂಬತ್ತು ಸಲ.

ಮಳೆಗೆ ಆಟ ನಿಂತಿದ್ದ ಒಂದು ಮಧ್ಯಾಹ್ನ ಅವನು ಕೈಯಲ್ಲಿದ್ದ ಮಾರ್ಕರನ್ನು ಮೇಜಿನ ಮೇಲಿಟ್ಟ.

"ನನ್ನ ಕೈ ನಡುಗುತ್ತೆ ಅಂತ ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಅದಕ್ಕೇ ಸುಮ್ಮನಿದ್ದೆಯಾ?"

ಇಲ್ಲ ಎನ್ನಬಹುದಿತ್ತು. ಗುಂಪುಗಳು ಕೂಗುತ್ತಿದ್ದವು, ಗಡಿಬಿಡಿಯಿತ್ತು ಎನ್ನಬಹುದಿತ್ತು. ಬಳೆಯಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು, ಬಿಡಿಸಿದಳು.

"ಹೌದು," ಎಂದಳು. "ನನಗೆ ಅನುಕೂಲ ಆಯ್ತು."

ತಗಡಿನ ಮೇಲೆ ಮಳೆ ಜೋರಾಗಿತ್ತು. ಸೀಟಿಮಾವ ಮೇಜಿನ ಮೇಲಿಟ್ಟಿದ್ದನ್ನು ಎತ್ತಿ ಮರಳಿಗೆ ಎರಡು ಸಲ ಒತ್ತಿದ, ಕುಲಾವಿ ಕಟ್ಟಿ ತೂಗುಹಾಕಿದ. ಆಮೇಲೆ, ಇನ್ನು ಎಷ್ಟು ಉಳಿದಿವೆ ಎಂದು ಕೇಳಿದ. ಹನ್ನೊಂದು ಎಂದಳು. ಹಾಗಾದರೆ ಬೇಗ ಕೊಡು ಎಂದು ಕೈ ಚಾಚಿದ. ಕೈ ನಡುಗುತ್ತಿತ್ತು, ಅದನ್ನು ಅವನು ಮರೆಮಾಡಲಿಲ್ಲ.