ಸವಾ ಎರಡು ತಾಸು

ನನ್ನನ್ನು ನೋಡಲು ಬಂದ ಮೊದಲ ಮನೆಯವರು ಹಾಡು ಹೇಳೆಂದರು. ಹೇಳಿದೆ. ಎರಡನೆಯ ನುಡಿಗೇ ಸಾಕು ಸಾಕು ಎಂದು ಎದ್ದು ಹೋದವರಿಂದ ಆಮೇಲೆ ಸುದ್ದಿಯೇ ಇಲ್ಲ. ಹೀಗಾಗಿ, ಬಬಲೇಶ್ವರದಿಂದ ಬರುವವರು ಹಾಡು ಕೇಳುವುದಿಲ್ಲವಂತೆ, ಲೆಕ್ಕ ಕೇಳುತ್ತಾರಂತೆ ಎಂದು ಅಪ್ಪ ಹೇಳಿದಾಗ ನಮ್ಮವ್ವ ಸಮಾಧಾನದ ಉಸಿರು ಬಿಟ್ಟಳು. ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿ ನಮ್ಮದು. ಒಂದು ಮನೆಯಲ್ಲಿ ಹಾಡಿದರೆ ಹತ್ತು ಮನೆಗೆ ಕೇಳುತ್ತಿತ್ತು. ನನ್ನ ಹಾಡು ಇನ್ನೊಮ್ಮೆ ಕೇಳುವ ಆಸೆ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ಹುಡುಗನ ತಂದೆ ನಿವೃತ್ತ ಹೆಡ್‌ಮಾಸ್ತರರು. ಆ ಸೀಮೆಯ ಅರ್ಧ ಜನಕ್ಕೆ ಬೆತ್ತ ಹಿಡಿದು ಗಣಿತ ಕಲಿಸಿದವರು. ಸೊಸೆಯ ಬಣ್ಣ, ಎತ್ತರ ಯಾವುದರ ಚಿಂತೆಯೂ ಅವರಿಗಿರಲಿಲ್ಲ. ವೇಳೆಯ ಲೆಕ್ಕ ಬರಬೇಕು, ಅಷ್ಟೆ. ಇಷ್ಟರಿಂದ ಇಷ್ಟಕ್ಕೆ ಎಷ್ಟು ಹೊತ್ತಾಯಿತು, ಅದರ ನಿಮಿಷ ಎಷ್ಟು. ನಿಡೋಣಿಯ ಹುಡುಗಿಯೊಬ್ಬಳು ಇಂಥದೇ ಪ್ರಶ್ನೆಗೆ, ಒಂದು ಬುಟ್ಟಿ ರೊಟ್ಟಿ ಬಡಿಯುವಷ್ಟು ಹೊತ್ತು ಎಂದು ಉತ್ತರ ಕೊಟ್ಟು ಸಂಬಂಧ ಕಳೆದುಕೊಂಡಿದ್ದಳಂತೆ. ಅವಳ ಉತ್ತರದಲ್ಲಿ ನನಗೇನೂ ತಪ್ಪು ಕಾಣಲಿಲ್ಲ. ಮಾಸ್ತರರು ಒಂದು ದಿನ ಒಲೆಯ ಮುಂದೆ ಕೂತು ಒಂದು ಬುಟ್ಟಿ ರೊಟ್ಟಿ ಬಡಿದಿದ್ದರೆ ಅವರಿಗೂ ಅದು ಎಷ್ಟು ಹೊತ್ತೆಂದು ತಿಳಿಯುತ್ತಿತ್ತು.

ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಆದರೂ ಅಪ್ಪ ಒಂದು ವಾರ ನನ್ನ ಬೆನ್ನು ಬಿಡಲಿಲ್ಲ. ಕಚೇರಿಯಲ್ಲಿ ಗುಮಾಸ್ತನಾಗಿದ್ದ ಆತನಿಗೆ ಮತ್ತೊಬ್ಬರ ತಪಾಸಣೆ ಮಾಡುವ ಅವಕಾಶ ಸಿಕ್ಕಿದ್ದು ಜನ್ಮದಲ್ಲಿ ಅದೊಂದೇ ಸಲ. ಒಂಬತ್ತು ನಲವತ್ತಕ್ಕೆ ಹೊರಟವರು ಒಂದು ಐದಕ್ಕೆ ಊರು ಮುಟ್ಟಿದರೆ ಎಷ್ಟು ನಿಮಿಷ? ಕಳೆಯುವ ಗೋಜಿಗೆ ಹೋಗಬೇಡ, ಮೊದಲು ತುಂಬಿದ ತಾಸಿಗೆ ಹೋಗಿ ನಿಲ್ಲು ಎನ್ನುತ್ತಿದ್ದ. ಹತ್ತು ಗಂಟೆಗೆ ಇಪ್ಪತ್ತು ನಿಮಿಷ. ಅಲ್ಲಿಂದ ಒಂದಕ್ಕೆ ಮೂರು ತಾಸು, ಅಂದರೆ ನೂರಾ ಎಂಬತ್ತು. ಮೇಲೆ ಐದು. ಒಟ್ಟು ಇನ್ನೂರಾ ಐದು. ನೀರಿಗೆ ಹೋಗಿ ಬಂದರೆ ಎಷ್ಟು ನಿಮಿಷವಾಯಿತು ಎಂದು ಕೇಳುವ, ಹಿಟ್ಟು ಬೀಸಿಕೊಂಡು ಬಂದರೆ ಕೇಳುವ. ಕೊನೆಗೆ ಬಚ್ಚಲಿಂದ ಹೊರಬಂದಾಗಲೂ ಕೇಳಿದ. ಅವತ್ತು ಅವ್ವ ಆತನಿಗೆ ಚಹಾ ಕೊಡಲಿಲ್ಲ.

ಬಂದವರು ಇಬ್ಬರೇ, ತಂದೆ ಮತ್ತು ಮಗ. ಮಗ ಟಿಕೋಟಾದ ಸೊಸೈಟಿಯೊಂದರಲ್ಲಿ ಕ್ಯಾಶಿಯರ್. ಅಡುಗೆಮನೆಯ ಕಿಂಡಿಯಿಂದ ನೋಡಿದೆ. ತಂದೆಯ ಕಾಲಿಗೆ ತಂಬಿಗೆಯ ನೀರು ಹಾಕಲು ಹೋಗಿ ತನ್ನ ಧೋತರವನ್ನೇ ಮೊಣಕಾಲ ತನಕ ತೋಯಿಸಿಕೊಂಡ. ಯಾರೂ ನೋಡಿಲ್ಲವೆಂದು ತಿಳಿದು ತನ್ನಷ್ಟಕ್ಕೆ ನಕ್ಕ. ಮುಚ್ಚಿಡುವುದೇನು, ನನಗೆ ಆ ಹುಡುಗ ಅಲ್ಲಿಯೇ ಸೇರಿಬಿಟ್ಟ. ಅಲ್ಲಿಯವರೆಗೆ ಈ ಪರೀಕ್ಷೆಯೆಂದರೆ ಬರೀ ಸಿಟ್ಟಿತ್ತು. ಈಗ ಪಾಸಾಗಲೇಬೇಕು ಎನಿಸಿತು.

ಪಡಸಾಲೆಯ ಜಮಖಾನೆಯ ಮೇಲೆ ತಲೆ ತಗ್ಗಿಸಿ ಕೂತೆ. ಮಾಸ್ತರರು ಹೆಸರನ್ನೂ ಕೇಳಲಿಲ್ಲ. ಕಿಸೆಯಿಂದ ಗಡಿಯಾರ ತೆಗೆದು ನೋಡಿದರು.

"ಪೌಣೆ ಹತ್ತಕ್ಕ ಬಬಲೇಶ್ವರದಾಗ ಮನಿ ಬಿಟ್ಟೀವಿ. ಹನ್ನೆರಡಕ್ಕ ನಿಮ್ಮ ಹೊಸ್ತಿಲಾ ದಾಟೀವಿ. ಎಷ್ಟು ನಿಮಿಷ ಆತು ಹೇಳವಾ," ಎಂದರು.

ಅಪ್ಪನ ಮುಖ ಅರಳಿತು. ಒಂಬತ್ತೂ ಮುಕ್ಕಾಲರಿಂದ ಹತ್ತಕ್ಕೆ ಹದಿನೈದು, ಮೇಲೆ ಎರಡು ತಾಸು; ಇದಕ್ಕಿಂತ ಕಠಿಣವಾದದ್ದನ್ನು ನಾನು ಬಚ್ಚಲ ಬಾಗಿಲಲ್ಲೇ ಬಿಡಿಸಿದ್ದೆ. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯಿಂದ ಉತ್ತರ ಬಂತು.

"ಸವಾ ಎರಡು ತಾಸು. ಎರಡುನೂರಾ ಇಪ್ಪತ್ತೈದು," ಎಂದ ಮಗ.

ಅವನನ್ನು ಯಾರೂ ಕೇಳಿರಲಿಲ್ಲ. ನಮ್ಮ ಕಡೆ ಕಾಲು ಭಾಗಕ್ಕೆ ಪಾವ್, ಕಾಲು ಹೆಚ್ಚಾದರೆ ಸವಾ, ಕಾಲು ಕಡಿಮೆಯಾದರೆ ಪೌಣೆ. ರೊಕ್ಕಕ್ಕೂ ಅದೇ ಮಾತು, ವೇಳೆಗೂ ಅದೇ. ಆಣೆ ಹೋಗಿ ಹೊಸ ಪೈಸೆ ಬಂದು ನಾಲ್ಕೈದು ವರ್ಷವಾಗಿತ್ತು. ರೂಪಾಯಿಗೆ ನೂರು ಪೈಸೆ, ಪಾವ್ ಅಂದರೆ ಇಪ್ಪತ್ತೈದು, ಸವಾ ಎರಡು ಅಂದರೆ ಇನ್ನೂರಾ ಇಪ್ಪತ್ತೈದು ಎಂದು ದಿನವಿಡೀ ಎಣಿಸಿ ಎಣಿಸಿ, ಪಾಪ, ಅವನ ತಲೆಯಲ್ಲಿ ತಾಸೂ ರೂಪಾಯಿಯಾಗಿ ಕೂತಿತ್ತು.

ಮಾಸ್ತರರು ಮಗನತ್ತ ತಿರುಗಲಿಲ್ಲ. ಇದೇ ಉತ್ತರವೇನು ಎಂದು ನನ್ನನ್ನೇ ಕೇಳಿದರು. ನನ್ನ ಪಜೀತಿ ಯಾರಿಗೆ ಹೇಳಲಿ? ಹೌದೆಂದರೆ ನಾನು ಫೇಲು, ಅಲ್ಲವೆಂದರೆ ಅವನು ಫೇಲು. ಯಾರು ಫೇಲಾದರೂ ಮದುವೆ ಮುರಿಯುವುದು ಖಾತ್ರಿ. ಬಾಗಿಲ ಹಿಂದೆ ಅವ್ವನ ಬಳೆ ಸದ್ದು ಮಾಡಿ ಸುಮ್ಮನಾದವು. ಸುಳ್ಳು ಹೇಳೋಣವೆಂದು ನಾಲಿಗೆಯ ತುದಿಗೆ ತಂದುಕೊಂಡೆ. ಆದರೆ ಮುಲ್ಕಿ ಪಾಸಾದ ಸೊಕ್ಕು ಬಿಡಬೇಕಲ್ಲ. ನೂರಾ ಮೂವತ್ತೈದು ಎಂದುಬಿಟ್ಟೆ.

ಈಗ ಮುದುಕರು ಮಗನಿಗೆ ತಾಸಿಗೆಷ್ಟು ನಿಮಿಷ ಎಂದು ಕೇಳಿದರು. ಅವನು ನೂರು ಎಂದು ಅರ್ಧ ಹೇಳಿ, ನಾಲಿಗೆ ಕಚ್ಚಿಕೊಂಡು, ಜಮಖಾನೆಯ ದಾರ ಕೀಳತೊಡಗಿದ. ಊರವರ ಮಕ್ಕಳಿಗೆಲ್ಲ ಗಣಿತ ಕಲಿಸಿದ ಮನುಷ್ಯ ಬೇರೆಯವರ ಪಡಸಾಲೆಯಲ್ಲಿ ಕೂತು ಇದನ್ನು ನೋಡಬೇಕಾಯಿತು. ತಲೆಯ ಪಟಗ ಸರಿಮಾಡಿಕೊಂಡು ಎದ್ದರು.

"ಹುಡುಗಿ ಛಲೋ ಅದಾಳ್ರಿ. ನಮ್ಮ ಹುಡುಗ ಇಕಿಗೆ ತಕ್ಕಾಂವ ಅಲ್ಲ," ಎಂದು ಅಪ್ಪನಿಗೆ ಹೇಳಿದರು.

ಅಪ್ಪನಾದರೂ ತಡೆಯಬಾರದೇ? ತಾನು ಕಲಿಸಿದ ಲೆಕ್ಕ ಗೆದ್ದ ಹಿಗ್ಗಿನಲ್ಲಿ ಆತ ಹೌದುಹೌದೆಂದು ಗೋಣು ಹಾಕುತ್ತಿದ್ದ. ಮಗ ಆಗಲೇ ಹೊಸ್ತಿಲಾಚೆ ಚಪ್ಪಲಿ ಮೆಟ್ಟುತ್ತಿದ್ದ. ಒಂದು ಕಾಲಿಗೆ ತನ್ನದು, ಇನ್ನೊಂದಕ್ಕೆ ತಂದೆಯದು. ಇಂಥವನನ್ನು ತೊಂಬತ್ತು ನಿಮಿಷದ ಲೆಕ್ಕಕ್ಕೆ ಕಳೆದುಕೊಳ್ಳಬೇಕೇ ಎಂದು ನನಗೆ ಅಳು ಬಂತು. ಅಳುವಿಗಿಂತ ಮೊದಲು ಸಿಟ್ಟು ಬಂತು. ನೋಡಲು ಬಂದವರ ಮುಂದೆ ಹುಡುಗಿ ಕೇಳದೆ ಬಾಯಿ ಬಿಡುವ ಕಾಲವಲ್ಲ ಅದು. ಬಿಟ್ಟೆ.

"ಅವರ ತಾಸಿಗೆ ನೂರು ನಿಮಿಷ ಅದಾವರಿ, ನಮ್ಮ ತಾಸಿಗೆ ಅರವತ್ತ. ಅವರ ಕೂಡ ಬಾಳೇ ಮಾಡಿದ್ರ ತಾಸಿಗೆ ನಲವತ್ತು ನಿಮಿಷ ನನಗ ಲಾಭ ಅಲ್ಲೇನ್ರಿ?"

ಒಳಗೆ ಏನೋ ಬಿದ್ದು ಉರುಳಿತು. ಅಪ್ಪನ ಗೋಣು ಅಲ್ಲಿಗೇ ನಿಂತಿತು. ಮಾಸ್ತರರು ನನ್ನನ್ನೇ ನೋಡುತ್ತ ನಿಂತರು, ಪಾಟಿಯ ಮೇಲಿನ ಲೆಕ್ಕದಲ್ಲಿ ತಪ್ಪು ಹುಡುಕುವವರ ಹಾಗೆ. ನೂರರಲ್ಲಿ ಅರವತ್ತು ಕಳೆದರೆ ನಲವತ್ತೇ ಉಳಿಯುತ್ತದೆ. ಅವರಿಗೂ ತಪ್ಪು ಸಿಗಲಿಲ್ಲ. ಮೀಸೆ ಒಂದಿಷ್ಟು ಅಲುಗಿತು. ಮತ್ತೆ ಜಮಖಾನೆಯ ಮೇಲೆ ಕೂತು, ರೊಟ್ಟಿ ಆಗಿದ್ದರೆ ಉಂಡೇ ಹೋಗುತ್ತೇವೆ ಎಂದು ಅವ್ವನಿಗೆ ಕೇಳುವಂತೆ ಹೇಳಿದರು. ಸಂಬಂಧ ಗಟ್ಟಿಯಾಗದ ಮನೆಯಲ್ಲಿ ಊಟಕ್ಕೆ ಕೂಡುವ ಪದ್ಧತಿ ನಮ್ಮಲ್ಲಿಲ್ಲ. ಅವ್ವ ಹಿಟ್ಟಿನ ಡಬ್ಬಿಗೆ ಓಡಿದಳು.

ಊಟವಾದ ಮೇಲೆ ಹುಡುಗ ಕೈ ತೊಳೆಯಲು ಹಿತ್ತಲಿಗೆ ಬಂದ. ನೀರು ಹಾಕಲು ನಿಂತವಳು ನಾನೇ. ಅವನು ಎರಡೂ ಕೈ ಮುಂದೆ ಹಿಡಿದು, ನನ್ನ ಮುಖ ನೋಡದೆ, ತೀರ ಗಂಭೀರವಾಗಿ ಕೇಳಿದ.

"ಪಾವ್ ತಾಸಂದ್ರ ಖರೇ ಎಷ್ಟು ನಿಮಿಷರಿ?"

ಹದಿನೈದು ಎಂದೆ.

"ಭಾಳ ಕಡಿಮಿ ಆತಲ್ರಿ," ಎಂದ.

ತಂಬಿಗೆಯ ನೀರು ಮುಗಿದು ಎಷ್ಟೋ ಹೊತ್ತಾಗಿತ್ತು. ಇಬ್ಬರೂ ಅಲ್ಲಿಯೇ ನಿಂತಿದ್ದೆವು.