ಪರದೆಯೊಳಗಿನ ಊಟ

ಈ ಪ್ರಸಂಗದ ಕೆಲವು ವಿವರಗಳು ತಪ್ಪಿರಬಹುದು. ಪರದೆಯಾಗಿ ಕಟ್ಟಿದ್ದು ಅತ್ತೆಯ ಹಸಿರು ಸೀರೆ ಎಂದು ನನ್ನ ನೆನಪು. ಹಳೆಯ ಬೆಡ್‌ಶೀಟ್ ಎನ್ನುತ್ತಾಳೆ ಮಗಳು. ಆದರೆ ಆಮೆ ಉಪವಾಸ ಬಿದ್ದದ್ದು ನಿಜ, ನನಗೆ ಭಯವಾದದ್ದೂ ನಿಜ.

ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ನಮ್ಮ ಎದುರಿನ ಫ್ಲಾಟಿನ ತಮಿಳು ಟೀಚರ್ ತಮ್ಮ ಕಾಲೇಜು ದಿನಗಳಿಂದ ಒಂದು ಆಮೆ ಸಾಕಿದ್ದರು. ಇಲ್ಲಿನ ಗದ್ದೆ, ಕಾಲುವೆಗಳದ್ದೇ ತಳಿ. ಮುಟ್ಟಿದರೆ ತಲೆ, ಕಾಲು ಎಳೆದುಕೊಂಡು ಹೊಟ್ಟೆಯ ಚಿಪ್ಪನ್ನು ಡಬ್ಬಿಯ ಮುಚ್ಚಳದಂತೆ ಮುಚ್ಚಿಬಿಡುತ್ತಿತ್ತು. ಸಾಕಲು ಬೇಕಾದ ಪರವಾನಗಿ ಅವರ ಬಳಿ ಇತ್ತು. ತಮ್ಮ ಮಗಳ ಬಾಣಂತನಕ್ಕೆಂದು ಮೆಲಾಕಾಕ್ಕೆ ಹೊರಟಾಗ ಟಬ್ಬಿನ ಸಮೇತ ಅದನ್ನು ನಮ್ಮ ಬಾಲ್ಕನಿಯಲ್ಲಿ ತಂದಿಟ್ಟರು. ನಾವು ಸಸ್ಯಾಹಾರಿಗಳೆಂದು ಅವರಿಗೆ ಗೊತ್ತು. ಹಣ್ಣು ಕೊಟ್ಟರೆ ಸಾಕು, "ನೋ ಪ್ರಾಬ್ಲಮ್ ಲಾ" ಎಂದರು, ಇಲ್ಲಿಯವರಂತೆ ಕೊನೆಗೊಂದು 'ಲಾ' ಸೇರಿಸಿ.

ಪರಂಗಿ ಇಟ್ಟೆ, ಬಾಳೆಹಣ್ಣು ಇಟ್ಟೆ. ಅದು ಮೂಸಿಯೂ ನೋಡಲಿಲ್ಲ. ಓದಿದವಳಲ್ಲವೇ, ಇಂಟರ್‌ನೆಟ್ಟಿನಲ್ಲಿ ಹುಡುಕಿ ಹುಡುಕಿ ಭಯ ಹೆಚ್ಚಿಸಿಕೊಂಡೆ. ಟೀಚರ್ ಬರುವಷ್ಟರಲ್ಲಿ ಇದು ಸತ್ತೇಹೋದರೆ ಅವರಿಗೆ ಯಾವ ಮುಖ ತೋರಿಸಲಿ? ಒಂದು ಚೂರು ಮೀನು ತರೋಣವೇ ಎಂದೆ. ಮೈಸೂರಿನಿಂದ ಬಂದಿದ್ದ ಅತ್ತೆ ಸೌಟು ಹಿಡಿದೇ ಅಡುಗೆಮನೆಯಿಂದ ಹೊರಬಂದರು.

"ಕೂರ್ಮಾವತಾರಕ್ಕೆ ಮತ್ಸ್ಯಾವತಾರ ಬಡಿಸ್ತೀಯೇನೇ? ನಾನು ಅಡುಗೆ ಮಾಡೋ ಮನೇಲಿ?"

"ಅದು ಸತ್ತುಹೋಗುತ್ತೆ ಅತ್ತೆ."

"ಯಾಕೆ ಸಾಯುತ್ತೆ? ಮೂರು ಜನ ಸುತ್ತ ಕೂತು ಬಾಯನ್ನೇ ನೋಡ್ತಿದ್ರೆ ಯಾರಿಗೆ ತಾನೇ ಗಂಟಲಲ್ಲಿ ಇಳಿಯುತ್ತೆ? ದೃಷ್ಟಿಯಾಗಿದೆ ಅಷ್ಟೆ."

ಅಂದೇ ಟಬ್ಬಿನ ಸುತ್ತ ಪರದೆ ಎದ್ದಿತು. ಅತ್ತೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ಆಮೆಗೆ ನಿವಾಳಿಸಿದರು. ಅದು ಪಟ್ಟನೆ ಮುಚ್ಚಿಕೊಂಡಿತು.

"ನೋಡು, ಬಾಗಿಲು ಹಾಕ್ಕೊಂಡ. ಸಂಕೋಚದವನು, ನಿನ್ನ ಗಂಡನ ಹಾಗೆ."

"ಅಜ್ಜೀ, ಇಟ್ಸ್ ನಾಟ್ ಎ ಬೇಬಿ ಲಾ!" ಎಂದು ಮಗಳು ನಕ್ಕಳು.

ಪರದೆಯೊಳಗೆ ಇನ್ನು ಅತ್ತೆಗೆ ಮಾತ್ರ ಪ್ರವೇಶ. ಬೆಳಗಿನ ವಾಕಿಂಗ್ ಮುಗಿಸಿ ಬಂದವರೇ ತಟ್ಟೆ ಹಿಡಿದು ಒಳಗೆ ಹೋಗುವರು. ಸ್ವಲ್ಪ ಹೊತ್ತಿಗೆ ಖಾಲಿ ತಟ್ಟೆ ಹೊರಬರುವುದು. ಆಮೆ ಟಬ್ಬಿನ ಗೋಡೆ ಪರಚುವಷ್ಟು ಚುರುಕಾಯಿತು. ನಾನು ಉತ್ಸಾಹದಿಂದ ಪರಂಗಿಯನ್ನು ಇನ್ನೂ ಸಣ್ಣಗೆ ಹೆಚ್ಚತೊಡಗಿದೆ. ಹೊಸ ಜಾಗದಲ್ಲಿ ಆಮೆಗಳಿಗೆ ಮರೆ ಬೇಕಾಗುತ್ತದೆಂದು ಆಮೇಲೆ ಎಲ್ಲೋ ಓದಿದೆ. ಅಥವಾ ಮೊದಲೇ ಓದಿ ಮರೆತಿದ್ದೆನೋ ಏನೋ.

ಅತ್ತೆ ವಿಮಾನ ಹತ್ತಿದ ಮರುದಿನ ಟೀಚರ್ ಬಂದರು. ಆಮೆಯನ್ನು ಎತ್ತಿ, ಅಂಗೈಯಲ್ಲೇ ತೂಗಿ ನೋಡಿ ಹಿಗ್ಗಿದರು. ಟಬ್ಬು ತೊಳೆಯಲೆಂದು ಕಲ್ಲು ಸರಿಸಿದವರು ಏನನ್ನೋ ಬೆರಳ ತುದಿಯಲ್ಲಿ ಎತ್ತಿ ಹಿಡಿದರು. ಮೀನಿನ ಮುಳ್ಳು.

"ಸೂಪರ್ ಲಾ! ಮೀನ್ ಕುಡುತ್ತೀಂಗಳಾ?"

ಮೀನು ಕೊಟ್ಟವಳು ನಾನಲ್ಲ ಎನ್ನಲು ಬಾಯಿ ತೆರೆದೆ. ಯಾರೆಂದು ಹೊಳೆದು, ಹೌದೆಂದು ತಲೆಯಾಡಿಸಿದೆ.

ಸಂಜೆ ಮೈಸೂರಿಗೆ ವಿಡಿಯೋ ಕಾಲ್ ಮಾಡಿದೆ. ಅತ್ತೆ ಕೇಳಿದ ಮೊದಲ ಮಾತು, "ಮೈ ತುಂಬ್ಕೊಂಡಿದೆ ಅಂದ್ರಾ ಟೀಚರು?" ಹೌದೆಂದೆ. ಅವರ ಮುಖ ಅರಳಿತು. ಮೀನಿನ ಅಂಗಡಿ ಸಾಲು ಬಂತೆಂದರೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡುವವರು ಅವರು. ಮಲಯ್ ಭಾಷೆಯ ಒಂದು ಪದವೂ ಬಾರದು. ತಡೆಯಲಾರದೆ ಕೇಳಿಯೇಬಿಟ್ಟೆ:

"ಅತ್ತೆ, ಆ ಅಂಗಡಿಯವನ ಮುಂದೆ ನಿಂತು, ಏನಂತ ಹೇಳಿ ಮೀನು ಕೇಳಿದ್ರಿ?"