ಗಂಟಲಿಗೆ ಎಟುಕುವ ಹಾಡು

ಲೂಥರನ್ ಸಭೆಯ ಪಾದ್ರಿಗಳಿಗೆ ಹಾಡು ಯಾವ ಹೊತ್ತಿಗೆ ಹುಟ್ಟುತ್ತದೆಂದು ದೇವರಿಗೂ ಗೊತ್ತಿಲ್ಲ ಎನ್ನುವುದು ಅವರ ಹೆಂಡತಿಯ ದೂರು. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಪಕ್ಕದಲ್ಲೇ ನಿಂತು ಚಮಚದಿಂದ ತಾಳ ಹಾಕುತ್ತಿರುತ್ತಾರೆ, "ರೀ, ಹಾಲು!" ಎಂದು ಕೂಗಿದರೆ "ಇರೇ, ಇನ್ನೊಂದೇ ಸಾಲು" ಎನ್ನುತ್ತಾರೆ. ಒಂದು ಭಾನುವಾರ ಅರ್ಧ ಗಡ್ಡ ಬೋಳಿಸಿಕೊಂಡೇ ಪ್ರಸಂಗಪೀಠ ಹತ್ತಿದ್ದರು. ಮದುವೆಗೆ, ದೀಕ್ಷಾಸ್ನಾನಕ್ಕೆ, ಕೊನೆಗೆ ಸೋರುವ ಚಾವಣಿ ರಿಪೇರಿಯಾದದ್ದಕ್ಕೂ ಅವರದೊಂದು ಸ್ತುತಿಗೀತೆ. ಎಲ್ಲವೂ ಆಕಾಶಕ್ಕೆ ಏಣಿ ಹಾಕಿದಂತೆ ಏರುವಂಥವು, ಹಾಡುವವರ ಕತ್ತಿನ ನರ ಉಬ್ಬಲೇಬೇಕು. ಸತ್ತವರನ್ನು ಮಣ್ಣು ಮಾಡುವಾಗ ಹಾಡುವವು ಮಾತ್ರ ನೆಲ ಬಿಟ್ಟು ಏಳುವುದೇ ಇಲ್ಲ. "ಅಯ್ಯನೋರೇ, ಮೂರನೇ ಸಾಲಲ್ಲಾದ್ರೂ ಸ್ವಲ್ಪ ಏರಿಸಬಾರದಾ? ನನ್ನ ಬೆರಳಿಗೇ ನಿದ್ದೆ ಬರುತ್ತೆ" ಎಂದು ಆರ್ಗನ್ ನುಡಿಸುವವನು ಪ್ರತಿ ಸಲ ಗೊಣಗುತ್ತಾನೆ. "ಹಾಗೇ ಇರಲಿ ಕಣಪ್ಪ" ಎಂದಷ್ಟೇ ಹೇಳಿ ಪಾದ್ರಿಗಳು ಕನ್ನಡಕ ಒರೆಸಿಕೊಳ್ಳುತ್ತಾರೆ. ಕಾರಣ ಗೊತ್ತಿರುವುದು ಹೆಂಡತಿಗೊಬ್ಬಳಿಗೇ. ತಮ್ಮ ಮಗಳನ್ನು ಮಣ್ಣು ಮಾಡಿದ ದಿನ, ಅವರೇ ಕಟ್ಟಿದ ಹಾಡು ಮೂರನೇ ಸಾಲಿನಲ್ಲಿ ಎತ್ತರಕ್ಕೆ ಏರಿತ್ತು. ಅಲ್ಲಿ ತಾಯಿಯ ಗಂಟಲು ಕಟ್ಟಿತು, ಸಭೆಯೆಲ್ಲ ಆಕೆಯನ್ನು ಹಿಂದೆ ಬಿಟ್ಟು ಹಾಡಿಕೊಂಡು ಮುಂದೆ ಹೋಯಿತು. ಅಂದಿನಿಂದ ಸಾವಿನ ಹಾಡೊಂದನ್ನು ಕಟ್ಟಿ ಮುಗಿಸಿದಾಗಲೆಲ್ಲ ಪಾದ್ರಿಗಳು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. "ಒಂದ್ಸಲ ಹಾಡಿ ನೋಡೇ" ಎನ್ನುತ್ತಾರೆ. ಆಕೆ ಮಗಳನ್ನು ನೆನೆದುಕೊಂಡು ಹಾಡುತ್ತಾಳೆ. ಕೊನೆಯ ಸಾಲಿನವರೆಗೂ ಆಕೆಯ ದನಿ ಹೋಗಿ ಮುಟ್ಟಿದರೆ ಮಾತ್ರ ಆ ಹಾಡು ಮನೆಯ ಹೊಸ್ತಿಲು ದಾಟುತ್ತದೆ.